ಮೊದಲು ಹುಡುಗರು, ಆಮೇಲೆ ಫಾರ್ಮೇಶನ್: ಇರುವ ಆಟಗಾರರಿಗೆ ತಕ್ಕ ಫುಟ್‌ಬಾಲ್ ಪ್ಲಾನ್ ಮಾಡುವುದು ಹೇಗೆ?

ಸ್ಕೂಲ್, ಕಾಲೇಜು, ಏರಿಯಾ ಟೀಮ್‌ಗಳಿಗೆ ಕೋಚಿಂಗ್ ಮಾಡುವವರು ನನ್ನನ್ನು ಪದೇ ಪದೇ ಕೇಳುವುದು ಒಂದೇ ಪ್ರಶ್ನೆ. "ಸರ್, ನನಗೆ 4-3-3 ಆಡಿಸೋಕೆ ಇಷ್ಟ. ಆದ್ರೆ ಅದಕ್ಕೆ ಬೇಕಾದಂಥ ಹುಡುಗರು ಇಲ್ಲ. ಹುಡುಗರನ್ನು ಪ್ಲಾನ್‌ಗೆ ಹೊಂದಿಸ್ಬೇಕಾ, ಪ್ಲಾನನ್ನೇ ಹುಡುಗರಿಗೆ ಹೊಂದಿಸ್ಬೇಕಾ?" (4-3-3 ಎಂದರೆ ಕೀಪರ್ ಬಿಟ್ಟು ಹಿಂದೆ ನಾಲ್ಕು ಜನ, ನಡುವೆ ಮೂವರು, ಮುಂದೆ ಮೂವರು ನಿಲ್ಲುವ ಫಾರ್ಮೇಶನ್.)

ಪ್ಲಾನನ್ನೇ ಹೊಂದಿಸಿ. ಯುರೋಪಿನ ದೊಡ್ಡ ಕ್ಲಬ್ಬುಗಳು ಬೇಕಾದ ಆಟಗಾರನನ್ನು ದುಡ್ಡು ಕೊಟ್ಟು ತರುತ್ತವೆ. ನಿಮ್ಮ ಹತ್ತಿರ ಇರುವುದು ಹದಿನೆಂಟು ಹುಡುಗರು, ವಾರಕ್ಕೆ ಮೂರು ಪ್ರಾಕ್ಟೀಸ್, ಇನ್ನೇನು ಎರಡು ತಿಂಗಳಲ್ಲಿ ಶುರುವಾಗುವ ಟೂರ್ನಮೆಂಟ್. ಅಷ್ಟರಲ್ಲಿ ಹುಡುಗನ ಎಡಗಾಲು ಬದಲಾಗುವುದಿಲ್ಲ, ಓಟದ ವೇಗ ಬದಲಾಗುವುದಿಲ್ಲ. ಅವನು ನಿಲ್ಲುವ ಜಾಗವನ್ನು ಮಾತ್ರ ಬದಲಾಯಿಸಬಹುದು.

ಹಾಗಂತ ಎಲ್ಲವನ್ನೂ ಬದಲಾಯಿಸುತ್ತಾ ಹೋಗಬೇಡಿ. ಯಾವುದನ್ನು ಬದಲಾಯಿಸಬೇಕು, ಯಾವುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು ಎಂಬಲ್ಲೇ ಎಲ್ಲರೂ ಎಡವುತ್ತಾರೆ. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಇದು 15 ವರ್ಷ ದಾಟಿದವರ ತಂಡಗಳಿಗೆ. ಚಿಕ್ಕ ಮಕ್ಕಳ ಲೆಕ್ಕವೇ ಬೇರೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಏನೇನು ಬೇಕು?

ಒಂದು ನೋಟ್‌ಬುಕ್. ಎರಡು ಬಣ್ಣದ ಬಾಟಲಿ ಮುಚ್ಚಳ, ಒಂದೊಂದು ಬಣ್ಣದಲ್ಲಿ ಹನ್ನೊಂದು. ಬಿಬ್ ಒಂದು ಸೆಟ್, ಇಪ್ಪತ್ತು ಕೋನ್. ಗ್ಯಾಲರಿಯ ಮೇಲೋ ಸ್ಕೂಲಿನ ಮೊದಲ ಮಹಡಿಯಲ್ಲೋ ನಿಂತು ಮೊಬೈಲಿನಲ್ಲಿ ಮ್ಯಾಚ್ ಶೂಟ್ ಮಾಡಿಕೊಡುವ ಒಬ್ಬ ಸ್ನೇಹಿತ. ಮೇಲಿನಿಂದ ತೆಗೆದ ವಿಡಿಯೊದಲ್ಲಿ ಕಾಣುವುದು ಗೆರೆಯ ಪಕ್ಕ ನಿಂತಾಗ ಕಾಣುವುದಿಲ್ಲ.

ಜೊತೆಗೆ ಮೊದಲ ಎರಡು ಪ್ರಾಕ್ಟೀಸ್‌ನಲ್ಲಿ ಬಾಯಿ ಮುಚ್ಚಿಕೊಂಡು ನೋಡುವ ತಾಳ್ಮೆ ಬೇಕು. ಹೆಚ್ಚಿನವರಿಗೆ ಇದೇ ಕಷ್ಟ.

1. ನೋಡಿ, ಬರೆದುಕೊಳ್ಳಿ

ಮೊದಲ ಎರಡು ಪ್ರಾಕ್ಟೀಸ್‌ನಲ್ಲಿ ಏನನ್ನೂ ಕಲಿಸಬೇಡಿ. ಏಳು ಜನರ ಎರಡು ಟೀಮ್ ಮಾಡಿ, ಹತ್ತು ಹತ್ತು ನಿಮಿಷದ ಆಟ ಆಡಿಸಿ. ಪ್ರತಿ ಆಟಕ್ಕೂ ಟೀಮ್ ಬದಲಾಯಿಸಿ. ಯಾರು ಎಲ್ಲಿ ನಿಲ್ಲಬೇಕೆಂದು ಹೇಳಬೇಡಿ.

"ನೀನು ಯಾವ ಪೊಸಿಷನ್?" ಎಂದಂತೂ ಕೇಳಲೇಬೇಡಿ. ಐದನೇ ಕ್ಲಾಸಿನಲ್ಲಿ ಯಾರೋ ನಿಲ್ಲಿಸಿದ ಜಾಗವನ್ನೇ ಹುಡುಗ ತನ್ನ ಜಾಗ ಎಂದುಕೊಂಡಿರುತ್ತಾನೆ. ಉದ್ದ ಇದ್ದವನನ್ನು ಸ್ಟಾಪರ್ ಮಾಡಿರುತ್ತಾರೆ, ದಪ್ಪ ಇದ್ದವನನ್ನು ಗೋಲಿಗೆ ನಿಲ್ಲಿಸಿರುತ್ತಾರೆ. (ಸ್ಟಾಪರ್ ಎಂದರೆ ಗೋಲಿನ ಮುಂದೆ ನಡುವೆ ನಿಲ್ಲುವ ಬ್ಯಾಕ್, ಅಂದರೆ ಡಿಫೆನ್ಸ್ ಆಟಗಾರ.)

ಒಬ್ಬೊಬ್ಬರಿಗೂ ಒಂದು ಪುಟ ಇಡಿ. ನಾಲ್ಕು ವಿಷಯ ಸಾಕು. ಯಾವ ಕಾಲು? ಯಾರೂ ಹೇಳದಿದ್ದರೂ ತಾನಾಗಿ ಏನು ಮಾಡುತ್ತಾನೆ? ಯಾವುದಕ್ಕೆ ಗಾಬರಿಯಾಗುತ್ತಾನೆ? ಸುಸ್ತಾದ ಮೇಲೆ ಹೇಗೆ ಆಡುತ್ತಾನೆ? ನನ್ನ ನೋಟ್‌ಬುಕ್ಕಿನ ಒಂದು ಪುಟ ಹೀಗಿದೆ:

"7ನೇ ನಂಬರ್. ಬಲಗಾಲು. ಎಡಗಾಲು ಬರೀ ನಿಲ್ಲೋಕೆ. ಎದುರಿಗೆ ಜಾಗ ಇದ್ರೆ ಬಾಲ್ ತಗೊಂಡು ಹೊರಟುಬಿಡ್ತಾನೆ. ಗೋಲಿಗೆ ಬೆನ್ನು ಮಾಡಿ ಬಾಲ್ ತಗೋಬೇಕಾದ್ರೆ ಗಾಬರಿ, ಹಿಂದೆ ಯಾರಿದ್ದಾರೆ ಅಂತ ನೋಡಲ್ಲ. ಬಾಲ್ ಕಳ್ಕೊಂಡ್ರೆ ತಕ್ಷಣ ವಾಪಸ್ ಓಡಿ ಬರ್ತಾನೆ, ಯಾರೂ ಹೇಳ್ಬೇಕಾಗಿಲ್ಲ. ಕೊನೇ ಆಟದಲ್ಲೂ ಅದೇ ಓಟ."

ಇವನು ತನ್ನನ್ನು ಸ್ಟ್ರೈಕರ್ ಎಂದುಕೊಂಡಿದ್ದ. ಈ ಪುಟವನ್ನು ನೆನಪಿಟ್ಟುಕೊಳ್ಳಿ, ಐದನೇ ಹಂತದಲ್ಲಿ ಮತ್ತೆ ಬೇಕಾಗುತ್ತದೆ.

ಎಚ್ಚರಿಕೆ: "ಸೋಮಾರಿ", "ಹೆದರುಪುಕ್ಕಲ" ಎಂದು ಬರೆಯಬೇಡಿ. ಕಣ್ಣಿಗೆ ಕಂಡದ್ದನ್ನು ಬರೆಯಿರಿ. "ಬಾಲ್ ಕಳೆದುಕೊಂಡ ಮೇಲೆ ನಾಲ್ಕು ಹೆಜ್ಜೆ ಓಡಿ ನಿಂತ" ಎಂದು ಬರೆದರೆ ಮುಂದೆ ಅದಕ್ಕೆ ಏನಾದರೂ ಮಾಡಬಹುದು. ಸೋಮಾರಿ ಎಂದು ಬರೆದರೆ ಏನೂ ಮಾಡಲಾಗುವುದಿಲ್ಲ.

2. ಬಿಟ್ಟುಕೊಡದ ಮೂರು ನಿಯಮ ಬರೆಯಿರಿ

ಫಾರ್ಮೇಶನ್, ಆಟದ ನಿಯಮ ಎಂಬ ಎರಡು ಪದಗಳ ಗೊಂದಲವೇ ಅರ್ಧ ಸಮಸ್ಯೆಗೆ ಕಾರಣ. ಫಾರ್ಮೇಶನ್ ಎಂದರೆ ಯಾರು ಎಲ್ಲಿ ನಿಲ್ಲುತ್ತಾರೆ ಎಂಬುದು. 4-4-2 ಅಂದರೆ ಕೀಪರ್ ಬಿಟ್ಟು ಹಿಂದೆ ನಾಲ್ಕು ಜನ, ನಡುವೆ ನಾಲ್ಕು, ಮುಂದೆ ಇಬ್ಬರು. ಆಟದ ನಿಯಮ ಎಂದು ನಾನು ಹೇಳುವುದು ಬೇರೆ. ಬಾಲ್ ಕಳೆದುಕೊಂಡ ಕ್ಷಣ ಏನು ಮಾಡುತ್ತೀರಿ? ಬಾಲ್ ಸಿಕ್ಕ ಕ್ಷಣ ಮೊದಲು ಎಲ್ಲಿ ನೋಡುತ್ತೀರಿ? ಒಬ್ಬ ಬ್ಯಾಕ್ ಮುಂದೆ ಹೋದರೆ ಅವನ ಜಾಗಕ್ಕೆ ಯಾರು ಬರುತ್ತಾರೆ? ಫಾರ್ಮೇಶನ್ ಬದಲಾದರೂ ಈ ಮೂರು ಪ್ರಶ್ನೆಗಳ ಉತ್ತರ ಬದಲಾಗಬಾರದು.

"ಬಿಯೆಲ್ಸಾ ತನ್ನ ಆಟ ಬದಲಾಯಿಸಲೇ ಇಲ್ಲವಲ್ಲ, ಆದರೂ ಗೆದ್ದರಲ್ಲ?" ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಮಾರ್ಸೆಲೊ ಬಿಯೆಲ್ಸಾ 2018ರಲ್ಲಿ ಲೀಡ್ಸ್‌ಗೆ ಕೋಚ್ ಆಗಿ ಬಂದಾಗ ಅದು ಇಂಗ್ಲೆಂಡಿನ ಎರಡನೇ ಹಂತದ ಲೀಗಿನಲ್ಲಿ 13ನೇ ಸ್ಥಾನಕ್ಕೆ ಇಳಿದಿದ್ದ ತಂಡ. ಹೆಚ್ಚುಕಡಿಮೆ ಅದೇ ಆಟಗಾರರನ್ನು ಇಟ್ಟುಕೊಂಡು ಮೊದಲ ವರ್ಷವೇ 3ನೇ ಸ್ಥಾನಕ್ಕೆ ತಂದರು. 2020ರಲ್ಲಿ ಲೀಗ್ ಗೆದ್ದು, 16 ವರ್ಷಗಳ ನಂತರ ತಂಡವನ್ನು ಮೊದಲ ಹಂತದ ಪ್ರೀಮಿಯರ್ ಲೀಗಿಗೆ ಹತ್ತಿಸಿದರು.

ಅವರು ಬಿಟ್ಟುಕೊಡದಿದ್ದದ್ದು ನಿಯಮಗಳನ್ನು. ಮೈದಾನದ ತುಂಬ ಒಬ್ಬೊಬ್ಬರನ್ನು ಹಿಡಿದು ಬೆನ್ನಟ್ಟುವುದು, ಬಾಲ್ ಸಿಕ್ಕಿದ ತಕ್ಷಣ ಮುಂದಕ್ಕೆ ಓಡುವುದು. ಆಟಗಾರರ ಜಾಗವನ್ನು ಮಾತ್ರ ಧಾರಾಳವಾಗಿ ಬದಲಾಯಿಸಿದರು. ಮಿಡ್‌ಫೀಲ್ಡಿನಲ್ಲಿ ಅಲ್ಲಿ ಇಲ್ಲಿ ಓಡಾಡಿಕೊಂಡಿದ್ದ ಕ್ಯಾಲ್ವಿನ್ ಫಿಲಿಪ್ಸ್‌ನನ್ನು ಡಿಫೆನ್ಸ್ ಮುಂದೆ ನಿಲ್ಲಿಸಿದರು. ಆ ಜಾಗದಿಂದಲೇ ಆತ ಮುಂದೆ ಇಂಗ್ಲೆಂಡ್ ತಂಡಕ್ಕೆ ಆಡಿದ. ಇನ್ನೊಂದು ವಿಷಯ ಮರೆಯಬೇಡಿ. ಆ ಆಟಗಾರರಿಗೆ ಫುಟ್‌ಬಾಲೇ ಕೆಲಸ, ದಿನವಿಡೀ ತರಬೇತಿ. ನಿಮ್ಮ ಹುಡುಗರಿಗೆ ಸಂಜೆ ಐದರಿಂದ ಆರೂವರೆವರೆಗೆ ಮಾತ್ರ, ಆಮೇಲೆ ಟ್ಯೂಷನ್.

ಹಾಗಾಗಿ ನಿಯಮ ಮೂರಕ್ಕಿಂತ ಜಾಸ್ತಿ ಬೇಡ. ಒಂದೊಂದೂ ಹುಡುಗರು ಗ್ರೌಂಡಿನಲ್ಲಿ ಒಬ್ಬರಿಗೊಬ್ಬರು ಕೂಗಿ ಹೇಳುವಷ್ಟು ಚಿಕ್ಕದಿರಲಿ.

3. ಹಿಂದಿನಿಂದ ಕಟ್ಟುತ್ತಾ ಬನ್ನಿ

ಈಗ ಬಾಟಲಿ ಮುಚ್ಚಳಗಳನ್ನು ಹೊರಗೆ ತೆಗೆಯಿರಿ, ಒಂದೊಂದು ಮುಚ್ಚಳ ಒಬ್ಬೊಬ್ಬ ಆಟಗಾರ. ಟೇಬಲ್ ಮೇಲೆ ಮೊದಲು ಕೀಪರ್, ಆಮೇಲೆ ಇಬ್ಬರು ಸ್ಟಾಪರ್. ತುಂಬ ಜನ ಸ್ಟ್ರೈಕರ್‌ನಿಂದ ಶುರು ಮಾಡುತ್ತಾರೆ. ಹಾಗೆ ಮಾಡಬೇಡಿ. ನಿಮ್ಮ ತಂಡ ಗ್ರೌಂಡಿನಲ್ಲಿ ಎಷ್ಟು ಮುಂದೆ ನಿಂತು ಆಡಬಹುದು ಎಂಬುದನ್ನು ತೀರ್ಮಾನಿಸುವುದು ಈ ಮೂವರು.

ಎರಡು ಪ್ರಶ್ನೆ ಕೇಳಿಕೊಳ್ಳಿ. ಸ್ಟಾಪರ್‌ಗಳ ಬೆನ್ನ ಹಿಂದೆ ಬಾಲ್ ಬಿದ್ದರೆ ತಿರುಗಿ ಓಡಿ ಹಿಡಿಯುತ್ತಾರಾ? ಕೀಪರ್ ಕಾಲಿನಲ್ಲಿ ಗಾಬರಿಯಿಲ್ಲದೆ ಪಾಸ್ ಕೊಡುತ್ತಾನಾ?

ಮೊದಲನೆಯದಕ್ಕೆ ಉತ್ತರ ಇಲ್ಲ ಎಂದಾದರೆ ಡಿಫೆನ್ಸ್ ಗೆರೆಯನ್ನು ಹಿಂದಕ್ಕೆ ತನ್ನಿ. ಹೀಗೆ ಹಿಂದೆ ಒತ್ತಾಗಿ ನಿಂತು ಕಾಯುವುದಕ್ಕೆ ಲೋ ಬ್ಲಾಕ್ ಎನ್ನುತ್ತಾರೆ. ಇದು ಹೇಡಿ ಆಟ ಎಂಬ ಮಾತು ಕಿವಿಗೆ ಬಿದ್ದರೆ ಇಂಗ್ಲೆಂಡಿನ ಲೆಸ್ಟರ್ ಸಿಟಿಯನ್ನು ನೆನಪಿಸಿಕೊಳ್ಳಿ. 2014-15ರಲ್ಲಿ 14ನೇ ಸ್ಥಾನದಲ್ಲಿ ಮುಗಿಸಿದ ತಂಡ ಅದು. ಮರುವರ್ಷ ಕೋಚ್ ಆಗಿ ಕ್ಲಾಡಿಯೊ ರಾನಿಯೇರಿ ಬಂದರು. ಸ್ಟಾಪರ್‌ಗಳಾದ ವೆಸ್ ಮಾರ್ಗನ್ ಮತ್ತು ರಾಬರ್ಟ್ ಹೂತ್ ಗಟ್ಟಿಮುಟ್ಟಾದವರು, ತಲೆ ಚೆಂಡಿನಲ್ಲಿ ನಿಸ್ಸೀಮರು, ಓಟದಲ್ಲಿ ನಿಧಾನ. ಮುಂದೆ ಜೇಮಿ ವಾರ್ಡಿ, ಬಾಣದಂಥ ಓಟ. ರಾನಿಯೇರಿ ಹಳೆಯ ಕಾಲದ್ದು ಎಂದು ಎಲ್ಲರೂ ಬದಿಗಿಟ್ಟಿದ್ದ 4-4-2 ಹಿಡಿದರು. ಸ್ಟಾಪರ್‌ಗಳನ್ನು ಗೋಲಿನ ಹತ್ತಿರ ನಿಲ್ಲಿಸಿದರು, ಅವರ ಬೆನ್ನ ಹಿಂದೆ ಜಾಗವೇ ಉಳಿಯಲಿಲ್ಲ. ನಡುವೆ ಮಿಡ್‌ಫೀಲ್ಡರ್ ಎನ್‌ಗೋಲೊ ಕಾಂಟೆ ಬಾಲ್ ಕಿತ್ತುಕೊಳ್ಳುತ್ತಿದ್ದ. ಕಿತ್ತ ಬಾಲ್ ನೇರವಾಗಿ ವಾರ್ಡಿ ಓಡುವ ಜಾಗಕ್ಕೆ. ಬಾಲ್ ಹೆಚ್ಚು ಹೊತ್ತು ಎದುರಾಳಿಯ ಹತ್ತಿರವೇ ಇರುತ್ತಿತ್ತು. ಆದರೂ 81 ಪಾಯಿಂಟ್‌ಗಳೊಂದಿಗೆ ಲೀಗ್ ಗೆದ್ದರು, ಎರಡನೇ ಸ್ಥಾನದ ಆರ್ಸೆನಲ್‌ಗಿಂತ 10 ಪಾಯಿಂಟ್ ಜಾಸ್ತಿ.

ಎರಡನೇ ಪ್ರಶ್ನೆಯಲ್ಲಿ ನಾನೇ ಎಡವಿದ್ದೇನೆ. ಒಂದು ಸ್ಕೂಲ್ ಟೀಮ್‌ಗೆ ಕೋಚ್ ಆದ ಮೊದಲ ವರ್ಷ. ಗೋಲ್ ಕಿಕ್ ಎಲ್ಲವನ್ನೂ ಚಿಕ್ಕ ಪಾಸಿನಲ್ಲೇ ಶುರು ಮಾಡಬೇಕೆಂದು ಹಟ ಹಿಡಿದೆ. ಟಿವಿಯಲ್ಲಿ ನೋಡಿದ್ದೆ, ಚೆನ್ನಾಗಿ ಕಂಡಿತ್ತು. ನಮ್ಮ ಕೀಪರ್ ಕೈಯಲ್ಲಿ ಅದ್ಭುತ, ಕಾಲಿನಲ್ಲಿ ಅಲ್ಲ. ಅದೂ ಮಣ್ಣಿನ ಗ್ರೌಂಡ್, ಬಾಲ್ ಪುಟಿಯುತ್ತಾ ಬರುತ್ತಿತ್ತು. ಒಂದೇ ಹಾಫ್‌ನಲ್ಲಿ ಮೂರು ಸಲ ಅವನ ಕಾಲಿನಿಂದ ಬಾಲ್ ಕಿತ್ತು ಗೋಲ್ ಹೊಡೆದರು. ಮೂರನೆಯದಾದ ಮೇಲೆ ಅವನು ಗ್ಲೌಸ್ ಬಿಚ್ಚಿ ಕಂಬದ ಪಕ್ಕ ಇಟ್ಟು ನನ್ನ ಕಡೆ ನೋಡಿದ. ತಪ್ಪು ನನ್ನದು, ಸೋಲು ಅವನ ಲೆಕ್ಕಕ್ಕೆ ಹೋಯಿತು. ಆ ಹುಡುಗ ಮುಂದಿನ ವರ್ಷ ಟೀಮ್‌ಗೆ ಬರಲಿಲ್ಲ.

ಅದಕ್ಕೇ ಹೇಳುತ್ತೇನೆ, ಗ್ರೌಂಡನ್ನೂ ಪ್ಲಾನಿನಲ್ಲಿ ಸೇರಿಸಿಕೊಳ್ಳಿ. ಕೃತಕ ಹುಲ್ಲಿನ ಮೇಲೆ ಆಗುವುದು ಮಳೆಗಾಲದ ಕೆಸರಿನಲ್ಲಿ ಆಗುವುದಿಲ್ಲ. ಟೂರ್ನಮೆಂಟ್ ನಡೆಯುವ ಗ್ರೌಂಡಿಗೆ ಒಮ್ಮೆ ಹೋಗಿ, ಬಾಲ್ ಉರುಳಿಸಿ ನೋಡಿ ಬನ್ನಿ.

4. ನಿಮ್ಮ ಅತಿ ಒಳ್ಳೆಯ ಆಟಗಾರ ಎಲ್ಲಿ ಆಡಬೇಕು?

ಈ ಹಂತಕ್ಕೆ ಒಂದು ಸಂಜೆ ಪೂರ್ತಿ ಕೊಡಿ. ಇಲ್ಲಿ ಮಾಡುವ ತಪ್ಪು ಮುಂದೆ ತುಂಬ ದುಬಾರಿಯಾಗುತ್ತದೆ.

1997ರ ಇಟಲಿ. ಕಾರ್ಲೊ ಆಂಚೆಲೊಟ್ಟಿ ಆಗ ಪಾರ್ಮಾ ತಂಡದ ಕೋಚ್, ಇನ್ನೂ ಹೊಸಬರು. 4-4-2 ಎಂದರೆ 4-4-2, ಅದರಲ್ಲಿ ಒಂದಿಂಚು ಸರಿಯುತ್ತಿರಲಿಲ್ಲ. ರೊಬೆರ್ಟೊ ಬಾಜ್ಜೊ ಆ ತಂಡಕ್ಕೆ ಬರಲು ತಯಾರಿದ್ದ. ಬಾಜ್ಜೊ ಆಡುತ್ತಿದ್ದದ್ದು ಸ್ಟ್ರೈಕರ್‌ಗಳ ಬೆನ್ನ ಹಿಂದೆ, ಮಿಡ್‌ಫೀಲ್ಡಿನ ಮುಂದೆ. 10ನೇ ನಂಬರ್ ಆಟ ಎನ್ನುತ್ತಾರಲ್ಲ, ಅದು. 4-4-2ರಲ್ಲಿ ಆ ಜಾಗವೇ ಇಲ್ಲ. ಆಂಚೆಲೊಟ್ಟಿ ಬೇಡ ಎಂದುಬಿಟ್ಟರು. ಬಾಜ್ಜೊ ಬೊಲೋನ್ಯಾಗೆ ಹೋಗಿ ಆ ಸೀಸನ್ ಲೀಗಿನಲ್ಲಿ 22 ಗೋಲ್ ಹೊಡೆದ. ಅದು ತಪ್ಪಾಗಿತ್ತು ಎಂದು ಆಂಚೆಲೊಟ್ಟಿಯೇ ಆಮೇಲೆ ಒಪ್ಪಿಕೊಂಡಿದ್ದಾರೆ.

ಇದರ ಮುಂದಿನ ಭಾಗ ಇನ್ನೂ ಚೆಂದ. 2001ರಲ್ಲಿ ಬಾಜ್ಜೊ ಬ್ರೆಷಿಯಾ ಎಂಬ ಚಿಕ್ಕ ತಂಡದಲ್ಲಿದ್ದ. ಅಲ್ಲಿಗೆ ಇಂಟರ್ ಮಿಲಾನ್‌ನಿಂದ ಸಾಲವಾಗಿ, ಅಂದರೆ ಸ್ವಲ್ಪ ಕಾಲದ ಮಟ್ಟಿಗೆ, ಆಂದ್ರೆಯಾ ಪಿರ್ಲೊ ಬಂದ. ಅವನೂ 10ನೇ ನಂಬರ್ ಆಟಗಾರನೇ. ಒಂದು ಜಾಗಕ್ಕೆ ಇಬ್ಬರು. ಕೋಚ್ ಕಾರ್ಲೊ ಮಾಜ್ಜೋನೆ ಒಬ್ಬನನ್ನು ಬೆಂಚಿನ ಮೇಲೆ ಕೂರಿಸಲಿಲ್ಲ. ಪಿರ್ಲೊನನ್ನು ಡಿಫೆನ್ಸಿನ ಮುಂದಕ್ಕೆ, ಅಂದರೆ ಅವನಿದ್ದ ಜಾಗಕ್ಕಿಂತ ಎಷ್ಟೋ ಹಿಂದಕ್ಕೆ, ತಂದು ನಿಲ್ಲಿಸಿದರು. ಯಾಕೆ ಕೆಲಸ ಮಾಡಿತು? ಪಿರ್ಲೊ ನಿಧಾನ. ಮುಂದೆ ನಿಂತಾಗ ಎದುರಾಳಿ ಉಸಿರು ಬಿಡುವಷ್ಟೂ ಸಮಯ ಕೊಡುತ್ತಿರಲಿಲ್ಲ. ಹಿಂದೆ ನಿಂತರೆ ಯಾರೂ ಮೈಮೇಲೆ ಬೀಳುವುದಿಲ್ಲ, ಇಡೀ ಗ್ರೌಂಡ್ ಕಣ್ಣ ಮುಂದೆ. ಆ ವರ್ಷ ಏಪ್ರಿಲ್‌ನಲ್ಲಿ ಯುವೆಂಟಸ್ ಮೇಲೆ ಬಾಜ್ಜೊ ಹೊಡೆದ ಗೋಲ್ ನೋಡಿ. ಪಿರ್ಲೊ ಅಷ್ಟು ದೂರದಿಂದ ಡಿಫೆನ್ಸಿನ ತಲೆ ಮೇಲೆ ಬಾಲ್ ತೇಲಿಸುತ್ತಾನೆ. ಬಾಜ್ಜೊ ಒಂದೇ ಟಚ್‌ನಲ್ಲಿ ಅದನ್ನು ಇಳಿಸಿಕೊಂಡು ಕೀಪರ್ ವಾನ್ ಡೆರ್ ಸಾರ್‌ನನ್ನು ದಾಟಿಬಿಡುತ್ತಾನೆ.

ಅದೇ ವರ್ಷ ಪಿರ್ಲೊ ಎಸಿ ಮಿಲಾನ್‌ಗೆ ಹೋದ. ಕೆಲವು ತಿಂಗಳಲ್ಲಿ ಅಲ್ಲಿಗೆ ಕೋಚ್ ಆಗಿ ಬಂದವರು ಅದೇ ಆಂಚೆಲೊಟ್ಟಿ. ಈ ಸಲ ಅವರು ಆಟಗಾರನನ್ನು ಬಿಡಲಿಲ್ಲ, ಫಾರ್ಮೇಶನ್ ಬಿಟ್ಟರು. ಪಿರ್ಲೊನನ್ನು ಹಿಂದೆ ನಿಲ್ಲಿಸಿಯೇ ಸುತ್ತಲಿನ ಮಿಡ್‌ಫೀಲ್ಡ್ ಕಟ್ಟಿದರು. ಓಡುವ ಕೆಲಸ ಪಕ್ಕದಲ್ಲಿದ್ದ ಗಟ್ಟುಸೊಗೆ. 2003ರಲ್ಲೂ 2007ರಲ್ಲೂ ಚಾಂಪಿಯನ್ಸ್ ಲೀಗ್ ಗೆದ್ದರು. ಒಬ್ಬ ಕೋಚ್ ಹತ್ತು ವರ್ಷದೊಳಗೆ ಇಷ್ಟು ಬದಲಾಗಬಹುದಾದರೆ ನಾವೂ ಬದಲಾಗಬಹುದು ಎಂದು ನಾನು ನಂಬಿದ್ದೇನೆ.

ನಮ್ಮ ಕಂಠೀರವದಲ್ಲೇ ಕಂಡ ಉದಾಹರಣೆಯೂ ಇದೆ. ಸುನಿಲ್ ಛೇತ್ರಿ ಆಗ ಭಾರತ ತಂಡಕ್ಕೆ ನಡುವಿನ ಸ್ಟ್ರೈಕರ್ ಆಗಿದ್ದರು. 2017-18ರಲ್ಲಿ ಬೆಂಗಳೂರು ಎಫ್‌ಸಿಗೆ ಮಿಕು ಬಂದ. ಗಟ್ಟಿ ಆಳು, ಸ್ಟಾಪರ್‌ಗಳ ಜೊತೆ ಮೈಕೊಟ್ಟು ಆಡುವವನು. ಕೋಚ್ ಆಲ್ಬರ್ಟ್ ರೋಕಾ ಛೇತ್ರಿಯನ್ನು ಎಡಗಡೆಗೆ ಸರಿಸಿ ಮಿಕುವನ್ನು ನಡುವೆ ಆಡಿಸಿದರು. ಸ್ಟಾಪರ್‌ಗಳು ಮಿಕುವನ್ನು ಹಿಡಿಯಲು ಹೋದಾಗ ಎಡಗಡೆಯಿಂದ ಛೇತ್ರಿ ಒಳಗೆ ನುಗ್ಗುತ್ತಿದ್ದರು. ಆ ಐಎಸ್‌ಎಲ್ ಸೀಸನ್ನಿನಲ್ಲಿ ಮಿಕು 15 ಗೋಲ್, ಛೇತ್ರಿ 14.

ನೀವು ಮಾಡಬೇಕಾದದ್ದು: ನಿಮ್ಮ ಅತಿ ಒಳ್ಳೆಯ ಹುಡುಗನ ಮುಚ್ಚಳವನ್ನು ಕೈಯಲ್ಲಿ ಹಿಡಿಯಿರಿ. ಅವನು ಚೆನ್ನಾಗಿ ಮಾಡುವ ಆ ಒಂದು ಕೆಲಸ ಯಾವುದು? ಅದನ್ನು ಮ್ಯಾಚಿನಲ್ಲಿ ಅತಿ ಹೆಚ್ಚು ಸಲ ಎಲ್ಲಿ ನಿಂತರೆ ಮಾಡಬಹುದು? ಅಲ್ಲಿ ಇಡಿ. ಆಮೇಲೆ, ಅವನು ಮಾಡಲಾಗದ ಕೆಲಸವನ್ನು ಪಕ್ಕದಲ್ಲಿ ಮಾಡುವವನು ಯಾರು ಎಂದು ಹುಡುಕಿ. ಪಿರ್ಲೊ ಇದ್ದಲ್ಲಿ ಗಟ್ಟುಸೊ ಬೇಕು.

ಎಚ್ಚರಿಕೆ: ಇಡೀ ತಂಡವನ್ನು ಒಬ್ಬನ ಮೇಲೆ ನಿಲ್ಲಿಸಬೇಡಿ. ಅವನಿಗೆ ಜ್ವರ ಬಂದ ದಿನ ಏನು ಮಾಡುತ್ತೀರಿ ಎಂಬುದನ್ನು ಅದೇ ಪುಟದ ಹಿಂದೆ ಬರೆದಿಡಿ.

5. ಖಾಲಿ ಉಳಿದ ಜಾಗಕ್ಕೆ ಆಟಗಾರನನ್ನು ತಯಾರು ಮಾಡಿ

ಹನ್ನೊಂದು ಮುಚ್ಚಳ ಇಟ್ಟ ಮೇಲೂ ಒಂದೋ ಎರಡೋ ಜಾಗ ಸರಿ ಕಾಣುವುದಿಲ್ಲ. ಎಡಗಾಲಿನ ಬ್ಯಾಕ್ ಎಲ್ಲಾ ಕಡೆಯೂ ಅಪರೂಪ. ಇಲ್ಲಿ ನಿಮ್ಮ ನೋಟ್‌ಬುಕ್ ಕೆಲಸಕ್ಕೆ ಬರುತ್ತದೆ.

2016ರ ಸೆಪ್ಟೆಂಬರ್ 24ರಂದು ಕೋಚ್ ಆಂಟೋನಿಯೊ ಕಾಂಟೆಯ (ಲೆಸ್ಟರ್‌ನ ಆಟಗಾರ ಕಾಂಟೆ ಅಲ್ಲ) ಚೆಲ್ಸಿ ಆರ್ಸೆನಲ್ ಎದುರು 3-0 ಸೋತಿತು. ಮುಂದಿನ ಮ್ಯಾಚಿನಿಂದಲೇ ಕಾಂಟೆ 3-4-3ಕ್ಕೆ ಬಂದರು. ಹಿಂದೆ ಮೂವರು ಸ್ಟಾಪರ್, ಎರಡು ಬದಿಗೆ ವಿಂಗ್ ಬ್ಯಾಕ್. ವಿಂಗ್ ಬ್ಯಾಕ್ ಎಂದರೆ ಒಂದು ಬದಿಯ ಇಡೀ ಉದ್ದವನ್ನು ಒಬ್ಬನೇ ನೋಡಿಕೊಳ್ಳುವವನು, ಡಿಫೆನ್ಸ್‌ನಲ್ಲೂ ಅಟ್ಯಾಕ್‌ನಲ್ಲೂ. ಬಲಗಡೆಗೆ ಅವರು ಆರಿಸಿದ್ದು ವಿಕ್ಟರ್ ಮೋಸೆಸ್‌ನನ್ನು. ಅವನು ವಿಂಗರ್, ಅಂದರೆ ಬದಿಯಿಂದ ಅಟ್ಯಾಕ್ ಮಾಡುವವನು. ಹಿಂದಿನ ಮೂರು ಸೀಸನ್ ಚೆಲ್ಸಿ ಅವನನ್ನು ಬೇರೆ ಬೇರೆ ಕ್ಲಬ್ಬಿಗೆ ಸಾಲ ಕೊಟ್ಟಿತ್ತು. ಬದಿಯ ಬ್ಯಾಕ್ ಆಗಿದ್ದ ಆಸ್ಪಿಲಿಕ್ವೆಟಾನನ್ನು ಮೂವರು ಸ್ಟಾಪರ್‌ಗಳಲ್ಲಿ ಒಬ್ಬನನ್ನಾಗಿ ಮಾಡಿದರು. ಅಲ್ಲಿಂದ ಸತತ 13 ಲೀಗ್ ಮ್ಯಾಚ್ ಗೆಲುವು. ಕೊನೆಗೆ 93 ಪಾಯಿಂಟ್, ಲೀಗ್ ಪ್ರಶಸ್ತಿ.

ಇದಕ್ಕಿಂತ ದೊಡ್ಡ ಧೈರ್ಯ ನಮ್ಮ ದೇಶದ ಕೋಚ್ ತೋರಿಸಿದ್ದಾರೆ. 1962ರ ಜಕಾರ್ತಾ ಏಷ್ಯನ್ ಗೇಮ್ಸ್. ಸೈಯದ್ ಅಬ್ದುಲ್ ರಹೀಮ್ ಕೋಚ್. ಸ್ಟಾಪರ್ ಜರ್ನೈಲ್ ಸಿಂಗ್‌ಗೆ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಿದ್ದರು. ಡಿಫೆನ್ಸ್‌ನಲ್ಲಿ ಹಳೆಯ ಹಾಗೆ ಆಡುವುದು ಕಷ್ಟ. ಬೇರೆಯವರಾದರೆ ಕೂರಿಸುತ್ತಿದ್ದರು. ರಹೀಮ್ ಸಾಹೇಬರು ಅವರನ್ನು ಸೆಮಿಫೈನಲ್‌ನಲ್ಲೂ ಫೈನಲ್‌ನಲ್ಲೂ ಮುಂದೆ, ಸೆಂಟರ್ ಫಾರ್ವರ್ಡ್ ಜಾಗದಲ್ಲಿ ಆಡಿಸಿದರು. ದಕ್ಷಿಣ ಕೊರಿಯಾ ಎದುರಿನ ಫೈನಲ್ 2-1. ಒಂದು ಗೋಲ್ ಪಿ.ಕೆ. ಬ್ಯಾನರ್ಜಿಯದು, ಇನ್ನೊಂದು ಜರ್ನೈಲ್ ಸಿಂಗ್‌ರದು. ಚಿನ್ನದ ಪದಕ.

ಈಗ ನಮ್ಮ 7ನೇ ನಂಬರ್ ಪುಟಕ್ಕೆ ವಾಪಸ್ ಬನ್ನಿ. ಎದುರಿಗೆ ಜಾಗ ಇದ್ದರೆ ಓಡುತ್ತಾನೆ, ಬೆನ್ನು ಮಾಡಿ ಆಡಲು ಗಾಬರಿ, ಹೇಳದೇ ವಾಪಸ್ ಬರುತ್ತಾನೆ, ದಣಿಯುವುದಿಲ್ಲ. ಸ್ಟ್ರೈಕರ್ ಆದವನು ಮ್ಯಾಚಿಡೀ ಗೋಲಿಗೆ ಬೆನ್ನು ಮಾಡಿ ಬಾಲ್ ತೆಗೆದುಕೊಳ್ಳಬೇಕು. ಬಲಬದಿಯ ಬ್ಯಾಕ್‌ಗೆ ಯಾವಾಗಲೂ ಆಟ ಎದುರಿಗೇ ಇರುತ್ತದೆ. ಅವನ ಗಾಬರಿಗೆ ಕಾರಣವೇ ಅಲ್ಲಿಲ್ಲ.

ಆದರೆ ಇದನ್ನು ಅವನಿಗೆ ಹೇಳುವ ರೀತಿ ಮುಖ್ಯ. ಮ್ಯಾಚಿನ ದಿನ ಬೆಳಿಗ್ಗೆ ಲಿಸ್ಟ್ ಓದುವಾಗ ಹೇಳಬೇಡಿ. ಎಲ್ಲರ ಮುಂದೆಯೂ ಬೇಡ. ಪ್ರಾಕ್ಟೀಸ್ ಮುಗಿದ ಮೇಲೆ ಪಕ್ಕಕ್ಕೆ ಕರೆಯಿರಿ. ನನಗೂ ಅವನಿಗೂ ನಡೆದ ಮಾತು ಇಷ್ಟು:

"ಬಾರೋ, ಎರಡು ನಿಮಿಷ ಕೂತ್ಕೋ. ನಾಳೆಯಿಂದ ರೈಟ್ ಬ್ಯಾಕ್ ಆಡಿ ನೋಡ್ತೀಯಾ?"

"ಸರ್, ನಾನು ಫಾರ್ವರ್ಡ್ ಅಲ್ವಾ? ಬ್ಯಾಕ್ ಆಡೋರು ಗೋಲ್ ಹೊಡೆಯಲ್ಲ ಸರ್."

"ಈ ವಿಡಿಯೊ ನೋಡು. ಇಲ್ಲಿ ಬಾಲ್ ಸಿಕ್ಕಾಗ ನಿನ್ನ ಮುಂದೆ ಎಷ್ಟು ಜನ ಇದ್ದಾರೆ?"

"ಇಬ್ಬರು... ಹಿಂದೆ ಒಬ್ಬ."

"ಈಗ ಆ ಬ್ಯಾಕ್ ನೋಡು. ಅವನ ಮುಂದೆ?"

"ಯಾರೂ ಇಲ್ಲ ಸರ್. ಫುಲ್ ಖಾಲಿ."

"ಆ ಜಾಗ ನಿನಗೆ ಕೊಡ್ತಿದೀನಿ ಕಣೋ. ನಾಲ್ಕು ಮ್ಯಾಚ್ ಆಡು. ಆಮೇಲೂ ಬೇಡ ಅನ್ಸಿದ್ರೆ ನನಗೇ ಬಂದು ಹೇಳು, ವಾಪಸ್ ಹಾಕ್ತೀನಿ."

ಆ ಕೊನೆಯ ಮಾತನ್ನು ಉಳಿಸಿಕೊಳ್ಳುವುದಾದರೆ ಮಾತ್ರ ಹೇಳಿ. ಕೋಚ್ ಮಾತು ತಪ್ಪಿದರೆ ಹುಡುಗರಿಗೆ ಮೊದಲು ಗೊತ್ತಾಗುತ್ತದೆ.

ಎಚ್ಚರಿಕೆ: ಒಂದು ಸೀಸನ್ನಿನಲ್ಲಿ ಇಬ್ಬರಿಗಿಂತ ಜಾಸ್ತಿ ಜನರ ಜಾಗ ಬದಲಾಯಿಸಬೇಡಿ. ನಾಲ್ಕು ಜನರನ್ನು ಹೊಸ ಜಾಗಕ್ಕೆ ತಳ್ಳಬೇಕಾಗಿ ಬಂದರೆ ನೀವು ಆರಿಸಿದ ಫಾರ್ಮೇಶನ್ನೇ ತಪ್ಪು. ಮೂರನೇ ಹಂತಕ್ಕೆ ವಾಪಸ್ ಹೋಗಿ.

6. ಗ್ರೌಂಡಿನಲ್ಲಿ ಇಳಿಸಿ

ಮೊದಲು ಎದುರಾಳಿ ಇಲ್ಲದೆ ಹನ್ನೊಂದು ಜನರನ್ನು ನಿಲ್ಲಿಸಿ, 15 ನಿಮಿಷ ನಡೆಯುತ್ತಲೇ ಪಾಸ್ ಮಾಡಿಸಿ. ಬಾಲ್ ಬಲಕ್ಕೆ ಹೋದರೆ ಎಲ್ಲರೂ ಎತ್ತ ಸರಿಯಬೇಕು, ಎಡಕ್ಕೆ ಹೋದರೆ ಎತ್ತ ಎಂಬುದು ಕಾಲಿಗೆ ಗೊತ್ತಾಗಬೇಕು. ಆಮೇಲೆ ಡಿಫೆನ್ಸ್ ಮತ್ತು ಕೀಪರ್ ಸೇರಿ ಆರು ಜನ, ಎದುರಿಗೆ ಎಂಟು ಜನ ಅಟ್ಯಾಕ್, ಅರ್ಧ ಗ್ರೌಂಡ್. ಆರು ಜನ ಬಾಲ್ ಕಿತ್ತರೆ ಅರ್ಧಗೆರೆಯ ಮೇಲೆ ಇಟ್ಟ ಎರಡು ಚಿಕ್ಕ ಗೋಲಿನಲ್ಲಿ ಒಂದಕ್ಕೆ ಹೊಡೆಯಲಿ. ಬಾಲ್ ಒಂದು ತಂಡದಿಂದ ಇನ್ನೊಂದು ತಂಡಕ್ಕೆ ಹೋಗುವ ಆ ಕ್ಷಣಕ್ಕೆ ಟ್ರಾನ್ಸಿಷನ್ ಎನ್ನುತ್ತಾರೆ. ನಿಮ್ಮ ಮೂರು ನಿಯಮ ಪರೀಕ್ಷೆಗೆ ಬರುವುದು ಅಲ್ಲೇ. ಕೊನೆಗೆ ಪೂರ್ತಿ ಆಟ, ವಿಡಿಯೊ ಸಮೇತ.

ಆಟವನ್ನು ಪದೇ ಪದೇ ನಿಲ್ಲಿಸಿ ಪಾಠ ಮಾಡಬೇಡಿ. ಒಂದು ಸೆಷನ್ನಿಗೆ ಮೂರು ಸಲ ಸೀಟಿ ಊದಿ, ಅಷ್ಟೇ.

7. ಯಾವಾಗ ಕಾಯಬೇಕು, ಯಾವಾಗ ಬದಲಾಯಿಸಬೇಕು?

ಎರಡು ಮ್ಯಾಚ್ ಸೋತ ಕೂಡಲೇ ಫೋನ್ ಬರುತ್ತದೆ. "ಸರ್, 3-5-2 ಮಾಡ್ಲಾ?" ಸ್ವಲ್ಪ ತಡೆಯಿರಿ. ವಿಡಿಯೊ ಹಾಕಿ, ತಿಂದ ಗೋಲ್ ಒಂದೊಂದನ್ನೂ ಎರಡು ಬಗೆಯಾಗಿ ಬರೆಯಿರಿ. ಹುಡುಗ ಸರಿಯಾದ ಜಾಗದಲ್ಲೇ ಇದ್ದು ಬಾಲ್ ತಪ್ಪಿಸಿಕೊಂಡನಾ? ಅದು ಆಟದ ತಪ್ಪು, ಪ್ರಾಕ್ಟೀಸ್‌ನಿಂದ ಸರಿಯಾಗುತ್ತದೆ. ಅಥವಾ ಅಲ್ಲಿ ಇರಬೇಕಾದವನು ಇರಲು ಸಾಧ್ಯವೇ ಇರಲಿಲ್ಲವಾ? ಅದು ಪ್ಲಾನಿನ ತಪ್ಪು, ನಿಮ್ಮದು. ಮೂರು ಮ್ಯಾಚಿನಲ್ಲಿ ಒಂದೇ ಜಾಗದಿಂದ ಎರಡನೇ ಬಗೆಯ ಗೋಲ್ ಬಂದರೆ ಬದಲಾಯಿಸಿ.

ಹಟ ಎಲ್ಲಿಗೆ ತಲುಪಿಸುತ್ತದೆ ಎನ್ನುವುದಕ್ಕೆ ಇತ್ತೀಚಿನ ಉದಾಹರಣೆ ಮ್ಯಾಂಚೆಸ್ಟರ್ ಯುನೈಟೆಡ್. ಕೋಚ್ ರೂಬೆನ್ ಅಮೋರಿಮ್ ಪೋರ್ಚುಗಲ್‌ನ ಸ್ಪೋರ್ಟಿಂಗ್ ತಂಡಕ್ಕೆ 3-4-3ರಲ್ಲೇ ಲೀಗ್ ಗೆದ್ದುಕೊಟ್ಟವರು. 2024ರ ನವೆಂಬರ್‌ನಲ್ಲಿ, ಸೀಸನ್ನಿನ ನಡುವೆ, ಯುನೈಟೆಡ್‌ಗೆ ಬಂದರು. ಅಲ್ಲಿದ್ದದ್ದು ನಾಲ್ಕು ಬ್ಯಾಕ್‌ಗಳ ಆಟಕ್ಕೆಂದು ಕೂಡಿಸಿದ ತಂಡ. 3-4-3ಕ್ಕೆ ಜೀವಾಳವಾದ ವಿಂಗ್ ಬ್ಯಾಕ್‌ಗಳೇ ಸರಿಯಾಗಿ ಇರಲಿಲ್ಲ. ಆದರೂ ಅವರು ಬದಲಾಯಿಸಲಿಲ್ಲ. ಲೀಗಿನಲ್ಲಿ 42 ಪಾಯಿಂಟ್, 15ನೇ ಸ್ಥಾನ. ಯುರೋಪಾ ಲೀಗ್ ಫೈನಲ್‌ನಲ್ಲೂ ಟಾಟೆನ್‌ಹ್ಯಾಮ್ ಎದುರು 1-0 ಸೋಲು. ಸೀಸನ್ನಿಗೆ ಮುಂಚಿನ ತಯಾರಿಗೆ ಅವರಿಗೆ ಸಮಯ ಸಿಗಲಿಲ್ಲ, ಅದು ನಿಜ. ನನ್ನ ಪ್ರಕಾರ ಸಮಯ ಇಲ್ಲದವನೇ ಇರುವ ಆಟಗಾರರನ್ನು ಇನ್ನೂ ಜಾಸ್ತಿ ನಂಬಬೇಕು. ಕಾಂಟೆ ಹಿಡಿದದ್ದೂ 3-4-3, ಅಮೋರಿಮ್ ಹಿಡಿದದ್ದೂ 3-4-3. ಕಾಂಟೆ ತನ್ನ ಹತ್ತಿರ ಇದ್ದವರನ್ನು ನೋಡಿ ಆ ಆಟಕ್ಕೆ ಬಂದರು.

ಬದಲಾಯಿಸುವಾಗ ಒಂದು ಸಲಕ್ಕೆ ಒಂದೇ ಬದಲಾಯಿಸಿ. ಫಾರ್ಮೇಶನ್ನೂ ಬದಲಾಗಿ ಕ್ಯಾಪ್ಟನ್ನೂ ಬದಲಾಗಿ ಕೀಪರ್ರೂ ಬದಲಾದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ.

ಇನ್ನೆರಡು ಪ್ರಶ್ನೆಗಳು

ಎದುರಾಳಿಯನ್ನು ನೋಡಿ ಪ್ಲಾನ್ ಬದಲಾಯಿಸಬೇಕಾ? ಚಿಕ್ಕಪುಟ್ಟದ್ದು ಸರಿ. ಅವರ ವೇಗದ ವಿಂಗರ್ ಇರುವ ಬದಿಗೆ ನಿಮ್ಮ ವೇಗದ ಬ್ಯಾಕ್ ಹಾಕಿ. ಅದಕ್ಕಿಂತ ಜಾಸ್ತಿ ಬೇಡ. ನಿಮ್ಮ ಹುಡುಗರಿಗೆ ತಮ್ಮ ಆಟವೇ ಇನ್ನೂ ಹೊಸದು.

ಚಿಕ್ಕ ಮಕ್ಕಳ ತಂಡಕ್ಕೂ ಹೀಗೇನಾ? ಖಂಡಿತ ಅಲ್ಲ. 12-13 ವರ್ಷದೊಳಗಿನ ಮಕ್ಕಳ ಕೊರತೆಯನ್ನು ಮುಚ್ಚಿಟ್ಟು ಮ್ಯಾಚ್ ಗೆಲ್ಲುವುದು ಅವರಿಗೆ ಮಾಡುವ ಅನ್ಯಾಯ. ಎಡಗಾಲು ಬರದ ಮಗುವನ್ನು ಎಡಬದಿಗೇ ಆಡಿಸಿ, ಎಡಗಾಲು ಬರಲಿ. ಬೆನ್ನು ಮಾಡಿ ಆಡಲು ಗಾಬರಿಯಾಗುವ ಮಗುವನ್ನು ನಡುವೆ ನಿಲ್ಲಿಸಿ, ತಿರುಗುವುದನ್ನು ಕಲಿಯಲಿ. ದೊಡ್ಡ ಹುಡುಗರಿಗೆ ಬೇಡ ಎಂದ ಚಿಕ್ಕ ಪಾಸಿನ ಆಸೆಯನ್ನು ಇಲ್ಲಿ ತೀರಿಸಿಕೊಳ್ಳಿ, ಗೋಲ್ ತಿಂದರೂ ಪರವಾಗಿಲ್ಲ. ಜಾಗಗಳನ್ನು ತಿಂಗಳಿಗೊಮ್ಮೆ ಸುತ್ತಿಸಿ. ಈ ತಿಂಗಳು ಗೋಲಿಗೆ ನಿಂತ ಮಗು ಮುಂದಿನ ತಿಂಗಳು ಸ್ಟ್ರೈಕರ್ ಆಗಿ ಆಡಲಿ.